ರಾಹುಕಾಲದಲ್ಲಿ ಕೆಂಗೇರಿಗೆ

ಕುರುಬರಹಳ್ಳಿಯಿಂದ ಕೆಂಗೇರಿಗೆ ಹೋದದ್ದೂ ಒಂದು ಪ್ರವಾಸವೇ ಎಂದು ನೀವು ನಗಬಹುದು. ಹತ್ತನೇ ತರಗತಿಯ ನಂತರ ನಮ್ಮ ಬೀದಿಯ ತಿರುವನ್ನೂ ಒಬ್ಬಳೇ ದಾಟದವಳಿಗೆ ಅದು ಪ್ರವಾಸವೇ. ನನಗಾಗ ಇಪ್ಪತ್ತಮೂರು. ಫೋನಿಲ್ಲ, ಗೆಳತಿಯರಿಲ್ಲ. ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಸಾವಿತ್ರಕ್ಕ ನನಗೆ ಸೀರೆಗೆ ಕುಚ್ಚು ಕಟ್ಟುವುದನ್ನು ಕಲಿಸಿದರೆಂದು ಅಪ್ಪ ಅವರ ಮನೆಯನ್ನೇ ಖಾಲಿ ಮಾಡಿಸಿದ್ದರು. ಕೆಂಗೇರಿಯಲ್ಲಿ ಹೊಲಿಗೆ ಅಂಗಡಿ ಇಟ್ಟು, ಬೇಕೆಂದಾಗ ಬಾ ಎಂದು ಹೇಳಿ ಕಳಿಸಿದ್ದ ಆ ಅಕ್ಕನ ಬಳಿ ಕೆಲಸಕ್ಕೆ ನಾನು ಹೊರಟದ್ದು.

ಸೋಮವಾರ ಬೆಳಗಿನ ರಾಹುಕಾಲ ಶುರುವಾಗುತ್ತಿದ್ದಂತೆ ಚೀಲ ಹಿಡಿದು ಗೇಟು ದಾಟಿದೆ. ಆ ಹೊತ್ತಿನಲ್ಲಿ ಅಪ್ಪ ಮನೆಯಿಂದ ಕಾಲು ಹೊರಗಿಡುವವರಲ್ಲ. ಅಜ್ಜಿಗೆ ಎದೆನೋವು ಬಂದಾಗಲೂ ರಾಹುಕಾಲ ಕಳೆಯಲಿ ಎಂದು ಕಾದವರು.

“ಒಳಗೆ ಬಾರೇ! ಎಲ್ಲಿಗೆ ಹೋಗ್ತಾ ಇದೀಯ?” ಎಂದು ಗೇಟಿನ ಒಳಗಿಂದಲೇ ಕೂಗಿದರು.

“ಸಾವಿತ್ರಕ್ಕನ ಅಂಗಡಿಗೆ!” ಬೀದಿಗೆಲ್ಲ ಕೇಳುವಂತೆ ಹೇಳಿದೆ. ಅವರು ಗೇಟು ದಾಟಲಿಲ್ಲ. ಮಗಳಿಗಿಂತ ರಾಹುವೇ ಹೆಚ್ಚಾದ!

ವಿಜಯನಗರದ ಬಸ್ಸಿನಲ್ಲಿ ಕಂಡಕ್ಟರ್ ಹೆಂಗಸರ ಉಚಿತ ಟಿಕೆಟಿಗೆ ಆಧಾರ್ ಕೇಳಿದರು. ಅಪ್ಪನ ಬೀರುವಿನಲ್ಲಿದೆ ಎಂದೆ.

“ಬೀರುನಲ್ಲಿದ್ರೆ ನಾನೇನ್ ಮಾಡ್ಲಮ್ಮ? ದುಡ್ಡು ಕೊಡಿ.”

ಊರಿನ ಹೆಂಗಸರೆಲ್ಲ ಪುಕ್ಕಟೆ ಓಡಾಡುವ ಬಸ್ಸಿನಲ್ಲಿ ದುಡ್ಡು ಕೊಟ್ಟವಳು ನಾನೊಬ್ಬಳೇ. ಮೈ ಉರಿದುಹೋಯಿತು. ನನ್ನ ಮುಖ, ನನ್ನ ಹೆಸರು ಇರುವ ಕಾರ್ಡಿಗೆ ಬೀಗ ಹಾಕಲು ಅಪ್ಪ ಯಾರು?

ವಿಜಯನಗರದಲ್ಲಿ ಮೆಟ್ರೋ ಹತ್ತಿದೆ. ಪ್ರತಿ ನಿಲ್ದಾಣದಲ್ಲೂ ಬಾಗಿಲು ತೆರೆದಾಗ, ರಾಹುಕಾಲವೆಂದು ಗೊತ್ತಿದ್ದರೂ, ಅಪ್ಪ ಬಂದರೇನೋ ಎಂದು ಇಣುಕುತ್ತಿದ್ದೆ. ರಾಜರಾಜೇಶ್ವರಿನಗರ ದಾಟುವಾಗ ಮೋಡ ಕವಿದಿತ್ತು. ನನ್ನ ವಯಸ್ಸಿನ ಹುಡುಗಿಯರು ನಿಂತಲ್ಲೇ ತೂಕಡಿಸುತ್ತಿದ್ದರು. ನೋಡಲು ಇಷ್ಟೆಲ್ಲ ಇರುವಾಗ ಅವರಿಗೆ ಹೇಗೆ ನಿದ್ದೆ ಬರುತ್ತದೋ!

ಸಾವಿತ್ರಕ್ಕ ಹಾವೇರಿ ಕಡೆಯವರು. “ಬಂದಿ ಏನವಾ? ಮೊದ್ಲ ರೊಟ್ಟಿ ತಿನ್ನು, ಆಮ್ಯಾಗ ಮಾತು,” ಎಂದು ಬದನೆಕಾಯಿ ಪಲ್ಯ ಬಡಿಸಿದರು.

ತಿಂದು ಕೈ ತೊಳೆಯುವಷ್ಟರಲ್ಲಿ ಅಪ್ಪನ ಸ್ಕೂಟರ್ ಬಂದು ನಿಂತಿತು. ರಾಹುಕಾಲ ಕಳೆದಿತ್ತಲ್ಲ! ನನ್ನ ಕಡೆ ನೋಡದೆ ಸಾವಿತ್ರಕ್ಕನಿಗೆ, “ಹುಡುಗೀನ ಕಳ್ಸಮ್ಮ. ಪೊಲೀಸ್ ಕರೀಬೇಕಾ?” ಎಂದರು.

“ಕರೀರಿ ಅಪ್ಪ. ನಾನೇ ಮಾತಾಡ್ತೀನಿ.”

ಆಗ ನನ್ನತ್ತ ತಿರುಗಿದರು. “ರಾಹುಕಾಲದಲ್ಲಿ ಮನೆ ಬಿಟ್ಟೋಳು ಉದ್ಧಾರ ಆಗ್ತೀಯೇನೇ?”

“ಒಳ್ಳೆ ಘಳಿಗೆ ನೋಡಿ ಹೊರಟಿದ್ರೆ ನೀವು ಬಿಡ್ತಿದ್ರಾ?”

ಅಪ್ಪ ಸ್ಕೂಟರ್ ತಿರುಗಿಸಿದರು. ಅವರು ಕಣ್ಮರೆಯಾಗುವವರೆಗೂ ನಾನು ಅಂಗಡಿಯ ಬಾಗಿಲಲ್ಲೇ ನಿಂತಿದ್ದೆ, ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ.