ಮಂಜಿನೊಳಗಿನ ಮೈಲಿಗಲ್ಲು

ಹಳೆಯ ಟೀವಿ ಬಿಸಿಯಾದಾಗ ಅದರ ಬೆನ್ನಿನಿಂದ ಒಂದು ವಾಸನೆ ಬರುತ್ತಿತ್ತು, ನೆನಪಿದೆಯೇ ನಿಮಗೆ? ಕಾದ ಧೂಳು, ಕಾದ ವೈರು, ಮೇಲೆ ಹೊದಿಸಿದ ಕಸೂತಿ ಬಟ್ಟೆ, ಎಲ್ಲ ಸೇರಿದ ವಾಸನೆ. ಹೊನ್ನಾಳಿಯ ನನ್ನ ಸೀರೆ ಅಂಗಡಿಯಲ್ಲಿ ಹೋದ ಡಿಸೆಂಬರಿನಲ್ಲಿ ಹಳೆಯ ಸ್ಟೆಬಿಲೈಸರ್‌ಗೆ ಕರೆಂಟು ಕೊಟ್ಟಾಗ ಅದೇ ವಾಸನೆ ಎದ್ದಿತು. ಗಿರಾಕಿಯೊಬ್ಬರು ಇಳಕಲ್ ಸೀರೆಗೆ ಜಗ್ಗಾಡುತ್ತಿದ್ದರು. ಚೌಕಾಸಿಯಲ್ಲಿ ನಾನು ಸೋಲುವವಳಲ್ಲ. ಮನೆಮನೆಗೆ ಗಂಟು ಹೊತ್ತು ಮಾರಿ ಈ ಅಂಗಡಿ ಮಾಡಿಕೊಂಡವಳು. ಅವತ್ತು ಮಾತ್ರ ಅವರು ಕೇಳಿದ ಬೆಲೆಗೇ ಕೊಟ್ಟುಬಿಟ್ಟೆ. ಕಣ್ಣ ಮುಂದೆ ಚನ್ನಗಿರಿಯ ದೊಡ್ಡಮ್ಮನ ಪಡಸಾಲೆ ಇತ್ತು.

ದೊಡ್ಡಮ್ಮ ಎಂದರೆ ಅಪ್ಪನ ಅಣ್ಣನ ಹೆಂಡತಿ. ನನಗೆ ಆರು ವರ್ಷವಿದ್ದಾಗ ಅಮ್ಮನನ್ನು ಜ್ವರವೆಂದು ಆಸ್ಪತ್ರೆಗೆ ಕರೆದೊಯ್ದರು. ಲಾರಿ ಓಡಿಸುತ್ತಿದ್ದ ಅಪ್ಪ ನನ್ನನ್ನು ದೊಡ್ಡಮ್ಮನ ಮಡಿಲಿಗೆ ಹಾಕಿ ಹೋದ. ಅಮ್ಮ ಎಲ್ಲಿ ಎಂದು ಕೇಳಿದರೆ, ತವರಿಗೆ ಹೋಗಿದ್ದಾಳೆ, ಜಗಳೂರು ಕಡೆಯ ಬಿಳಿಚೋಡಿಗೆ, ಎನ್ನುತ್ತಿದ್ದರು. ಅಮ್ಮ ಆಸ್ಪತ್ರೆಯಲ್ಲೇ ತೀರಿಕೊಂಡಿದ್ದಳು. ಅದು ಊರಿಗೆಲ್ಲ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು.

ಹಿಂದಿನ ಬೀದಿಯಲ್ಲಿ ಸಿಸ್ಟರಮ್ಮ ಇದ್ದರು. ಅವರು ಆಸ್ಪತ್ರೆಯ ನರ್ಸು, ಕರಾವಳಿ ಕಡೆಯವರು. ಕ್ರಿಸ್‌ಮಸ್‌ಗೆ ರಜೆ ಸಿಗದೆ ಒಬ್ಬರೇ ಉಳಿಯುತ್ತಿದ್ದರು. ಹಬ್ಬದ ದಿನ ಹೆಣ್ಣುಮಗಳು ಒಂಟಿಯಾಗಿ ಉಣ್ಣಬಾರದೆಂದು ದೊಡ್ಡಮ್ಮ ಕರೆದಳು. ಅಲ್ಲಿಂದ ಅದು ವರ್ಷವರ್ಷದ ಪದ್ಧತಿಯಾಯಿತು. ಪೇಟೆಯಿಂದ ಬಾಡಿಗೆಯ ವಿಸಿಪಿ ಬರುತ್ತಿತ್ತು, ಸಿಸ್ಟರಮ್ಮನ ಚೀಲದಿಂದ ಕ್ರಿಸ್‌ಮಸ್ ಸಿನಿಮಾದ ಕ್ಯಾಸೆಟ್ಟು. ಅವರ ಬಳಿ ಇದ್ದದ್ದು ಅದೊಂದೇ, ಇಂಗ್ಲಿಷಿನದು. ಒಳಗೆ ಶೇಂಗಾ ಹೋಳಿಗೆ ಬೇಯುವ ಘಮ, ಹೊರಗೆ ಡಿಸೆಂಬರಿನ ಎಳೆ ಬಿಸಿಲು. ಸಿಸ್ಟರಮ್ಮ ತಂದ ಕೇಕನ್ನು ದೊಡ್ಡಮ್ಮ ಮೂಸಿ ನೋಡುತ್ತಿದ್ದಳು.

“ಮೊಟ್ಟೆ ಹಾಕಿಲ್ರೀ ಅಕ್ಕಾರೆ, ನಿಮ್ಮಾಣೆ.”

“ನನ್ನಾಣೆ ಯಾಕ್ರೀ, ನಿಮ್ಮಾಣೆ ಇಡ್ರಿ!”

ಎಲ್ಲರೂ ನಗುತ್ತಿದ್ದರು. ಪರದೆ ಎಳೆದು ಕುಳಿತೆವೆಂದರೆ, ಅಕ್ಷರವೇ ಬಾರದ ದೊಡ್ಡಮ್ಮ ಆ ಇಂಗ್ಲಿಷ್ ಸಿನಿಮಾಕ್ಕೆ ಕತೆ ಹೇಳಲು ಶುರು ಮಾಡುತ್ತಿದ್ದಳು. ಇಂಗ್ಲಿಷ್ ಬರುತ್ತಿದ್ದ ಸಿಸ್ಟರಮ್ಮ ಸುಮ್ಮನೆ ಕೇಳುತ್ತಿದ್ದರು. ಕೆಂಪು ಅಂಗಿ, ಬಿಳಿ ಗಡ್ಡ, ಹೆಗಲಿಗೆ ಗಂಟು ಹಾಕಿಕೊಂಡ ಮುದುಕ ಬಂದರೆ, “ಜಂಗಮಯ್ಯ ಬಂದ ನೋಡ್ರೇ!” ನಮ್ಮ ಜಂಗಮಯ್ಯ ಖಾಲಿ ಜೋಳಿಗೆ ತಂದು ತುಂಬಿಸಿಕೊಂಡು ಹೋಗುತ್ತಿದ್ದರು; ಇವನು ತುಂಬಿ ತಂದು ಖಾಲಿ ಮಾಡುತ್ತಿದ್ದ. “ಇದೆಂಥ ಉಲ್ಟಾ ಭಿಕ್ಷೆನೋ ಶಿವನೇ,” ಎಂದು ದೊಡ್ಡಮ್ಮ ಕೆನ್ನೆಗೆ ಕೈ ಹಚ್ಚುತ್ತಿದ್ದಳು.

ಸಿನಿಮಾದಲ್ಲಿ ಒಬ್ಬ ಅಪ್ಪ, ಒಬ್ಬಳು ಪುಟ್ಟ ಮಗಳು. ಅಮ್ಮ ಗೋಡೆಯ ಫೋಟೋದಲ್ಲಿ ಮಾತ್ರ. ಅಮ್ಮ ತವರಿಗೆ ಹೋಗಿದ್ದಾಳೆ ಎಂದಳು ದೊಡ್ಡಮ್ಮ. ನಾನು ಚಾಪೆಯ ಮೇಲೆ ಮುಂದಕ್ಕೆ ಸರಿದೆ. ಆಮೇಲೆ ಅಪ್ಪ ಮಗಳು ಮಂಜಿನಲ್ಲಿ ನಡೆದುಹೋಗಿ ಒಂದು ಬಿಳಿಯ ಕಲ್ಲಿನ ಮುಂದೆ ಹೂವಿಟ್ಟು ನಿಂತರು.

“ಅದೇನು ದೊಡ್ಡಮ್ಮ?”

“ಮೈಲಿಗಲ್ಲು. ಅಮ್ಮ ಎಷ್ಟು ದೂರ ಅದಾಳೆ ಅಂತ ನೋಡಾಕೆ ಬಂದಾರೆ.”

ಕಲ್ಲಿನ ಮೇಲೆ ಅಂಕಿಗಳಿದ್ದವು. ಓದಲು ಕಲಿತ ಹೊಸ ಹುರುಪಿನಲ್ಲಿ ನಾನು ಕಿರುಚಿದೆ: “ಸಾವಿರದ ಒಂಬೈನೂರು ಚಿಲ್ರೆ ಐತೆ ದೊಡ್ಡಮ್ಮ!”

“ಅಷ್ಟು ದೂರ ಐತೆ ಅಂತ್ಲೇ ಮತ್ತೆ ತಡ ಆಗಿರಾದು. ನಡ್ಕಂಡು ಬರಾಕೆ ಆಕ್ಕತೇನೇ ಪುಟ್ಟಿ?”

ಕೊನೆಗೆ ಬಾಗಿಲು ತೆರೆದು ಒಬ್ಬ ಹೆಂಗಸು ಒಳಗೆ ಬರುತ್ತಿದ್ದಳು. ಮಗಳು ಓಡಿಹೋಗಿ ಅಪ್ಪಿಕೊಳ್ಳುತ್ತಿದ್ದಳು. ಫೋಟೋದ ಅಮ್ಮನಂತೆ ಇವಳಿಲ್ಲವಲ್ಲ ಎಂದರೆ, “ಚಳಿಗೆ ಮುಖ ಬಾಡೈತೆ ಬಿಡು” ಎಂಬ ಉತ್ತರ. ವರ್ಷವರ್ಷವೂ ಅದೇ ಕಲ್ಲು, ಅದೇ ಅಪ್ಪುಗೆ. ವರ್ಷವರ್ಷವೂ ಸಿನಿಮಾ ಮುಗಿದ ಮೇಲೆ ನಾನು ಹೊರಗೆ ಜಗುಲಿಯಲ್ಲಿ ಕುಳಿತು ಜಗಳೂರು ಕಡೆಯ ರಸ್ತೆ ಯಾವುದೆಂದು ಹುಡುಕುತ್ತಿದ್ದೆ.

ಈಗ ಆ ಮನೆಯಿಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿಗಳ ಸಾಲು. ದೊಡ್ಡಮ್ಮನೂ ಇಲ್ಲ, ಅಪ್ಪನೂ ಇಲ್ಲ. ಸ್ಟೆಬಿಲೈಸರಿನ ವಾಸನೆ ಎದ್ದ ಮರುದಿನ ಚನ್ನಗಿರಿಗೆ ಹೋಗಿ, ಮುಂದೆ ಮದುವೆಯಾಗಿ, ನಿವೃತ್ತರಾದ ಮೇಲೂ ಅಲ್ಲೇ ನೆಲೆಸಿರುವ ಸಿಸ್ಟರಮ್ಮನನ್ನು ಕಂಡೆ. ಅವರ ಮಗ ಆ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಸಿದ್ದ; ಅವರ ಟೀವಿಯಲ್ಲಿ ಮತ್ತೆ ನೋಡಿದೆ. ವ್ಯಾಪಾರಕ್ಕೆ ಬೇಕಾದಷ್ಟು ಇಂಗ್ಲಿಷ್ ನನಗೀಗ ಬರುತ್ತದೆ. ಅಷ್ಟೇ ಸಾಕಾಯಿತು. ಕಲ್ಲಿನ ಮೇಲೆ ಇದ್ದದ್ದು ಹುಟ್ಟಿದ ವರ್ಷ, ಸತ್ತ ವರ್ಷ. ಬಾಗಿಲಲ್ಲಿ ಬಂದವಳು ಆ ಹುಡುಗಿಯ ಟೀಚರು.

ದೊಡ್ಡಮ್ಮನಿಗೆ ಅದು ಗೊತ್ತಿತ್ತೇ? ನಮ್ಮ ಜನ ಹೂಳುವವರು; ಸಮಾಧಿ ಕಂಡವಳೇ ಅವಳು. ಆದರೆ ಅವಳು ಕಂಡ ಸಮಾಧಿಗಳಲ್ಲಿ ಅಂಕಿ ಬರೆದ ಕಲ್ಲಿರಲಿಲ್ಲ. ಸಿಸ್ಟರಮ್ಮನನ್ನೇ ಕೇಳಿದೆ.

“ಮೊದಲನೇ ವರ್ಷ, ಅದು ಮೈಲಿಗಲ್ಲಲ್ಲ ಅಕ್ಕಾರೆ ಅನ್ನಾಕೆ ಬಾಯಿ ತೆಗೆದಿದ್ದೆ ಕಣಮ್ಮ. ‘ಚಾ ಆರತೈತೆ, ಮೊದ್ಲು ಕುಡೀರಿ’ ಅಂದ್ರು. ಗೊತ್ತಿದ್ದೇ ಅಂದ್ರೋ, ಚಾ ಆರತೈತೆ ಅಂತ್ಲೇ ಅಂದ್ರೋ, ನಂಗೂ ತಿಳೀಲಿಲ್ಲ.”

ನಿಮಗೊಂದು ಮಾತು ಹೇಳುತ್ತೇನೆ. ಸೀರೆಯನ್ನು ಮಡಿಕೆ ಬಿಚ್ಚಿ ನೋಡದೆ ಕೊಳ್ಳಬೇಡಿ, ಒಳಗೆ ಹರುಕಿರುತ್ತದೆ. ಮಾತನ್ನೂ ಹಾಗೆಯೇ ಎಂದು ಇಷ್ಟು ದಿನ ನಂಬಿದ್ದೆ. ಗಿರಾಕಿ ಸುಳ್ಳು ಹೇಳಿದರೆ ಅವರ ರೆಪ್ಪೆ ನೋಡಿ ಹೇಳಬಲ್ಲೆ. ದೊಡ್ಡಮ್ಮ ಹೇಳಿದ್ದು ತಪ್ಪೋ, ಸುಳ್ಳೋ, ಇವತ್ತಿಗೂ ತಿಳಿಯುತ್ತಿಲ್ಲ. ತಪ್ಪಾದರೆ ನಗಬೇಕು. ಸುಳ್ಳಾದರೆ ಕಾಲು ಹಿಡಿಯಬೇಕೋ, ಜಗಳವಾಡಬೇಕೋ?

ಅದಕ್ಕಿಂತ ಗೊಂದಲದ್ದು ಇನ್ನೊಂದಿದೆ. ಅಮ್ಮ ಇಲ್ಲ ಎಂಬುದು ನನಗೆ ಯಾವಾಗ ತಿಳಿಯಿತು? ಯಾರು ಹೇಳಿದರು? ಎಷ್ಟು ಹುಡುಕಿದರೂ ಆ ದಿನ ಸಿಗುವುದಿಲ್ಲ. ಒಂದು ವರ್ಷ ರಸ್ತೆ ಹುಡುಕುತ್ತಿದ್ದೆ, ಮತ್ತೊಂದು ವರ್ಷ ಹುಡುಕಲಿಲ್ಲ, ಅಷ್ಟೇ. ಆ ಮಾತನ್ನು ನನಗೆ ಹೇಳಬೇಕಾಗಿದ್ದವರೆಲ್ಲ, ಹೇಳದೆಯೇ ಹೋಗಿಬಿಟ್ಟರು.