ಹಳ್ಳ ಎಂದರೆ ಯಾವ ಹಳ್ಳ

ಪೋರ್ಟರ್ ರ್ಯಾಂಚ್ ಎಂಬ ಪರದೇಶದ ನಗರ ಬಡಾವಣೆಯಲ್ಲಿ ಇಷ್ಟು ವರ್ಷವಿದ್ದರೂ ನಾವು ಅಲ್ಲಿ ಒಂದು ದನದ ಮುಖ ಕಂಡಿಲ್ಲ. ನಿಜವಾದ ರ್ಯಾಂಚ್‌ಗೆ, ದನ ಸಾಕುವ ಬಯಲಿಗೆ, ಹೋದವಳು ನಮ್ಮ ಮಗಳು. ದನದ ಡಾಕ್ಟರಾಗಿ, ಬೆಟ್ಟಗಳಾಚೆಯ ಮರುಭೂಮಿಯ ಎತ್ತರದ ಕಣಿವೆಯೊಂದರಲ್ಲಿ ಮನೆ ಮಾಡಿದಳು. ಕೋವಿಡ್ ಕಾಟ ತಗ್ಗಿದ ಮೇಲೆ ನಮ್ಮನ್ನು ಕರೆದಳು. ಅಲ್ಲಿ ಫೋನ್ ಹಿಡಿಯುವುದಿಲ್ಲವೆಂದು ಕಾಗದದ ನಕ್ಷೆ ಕಳಿಸಿ, ‘ನೀವು ಅರ್ಧ ದಾರಿಗೇ ವಾಪಸ್ ಹೋಗುವವರು’ ಎಂದು ಇಂಗ್ಲಿಷಿನಲ್ಲಿ ಛೇಡಿಸಿದಳು. ನಾವು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಇಂಗ್ಲಿಷೇ. ಹೇಗಾದರೂ ಅವಳ ಮನೆ ಮುಟ್ಟಲೇಬೇಕೆಂದು ನನಗೆ ಹಟ ಹುಟ್ಟಿತು.

ನಕ್ಷೆಯ ತುಂಬ ಕಂದು ಗೆರೆಗಳು. “ಶಾವಿಗೆ ಚೆಲ್ಲಿದ ಹಾಗಿದೆ,” ಎಂದರು ಮೈಸೂರಿನವರಾದ ನಮ್ಮ ಯಜಮಾನರು. ಗೆರೆಗಳು ಒತ್ತಾಗಿದ್ದರೆ ಕಡಿದಾದ ಬೆಟ್ಟ, ದೂರವಿದ್ದರೆ ಬಯಲು, ಅಷ್ಟು ನನಗೆ ತಿಳಿಯುತ್ತಿತ್ತು. ತನ್ನ ಮನೆಗೆ ಸ್ವಲ್ಪ ಮೊದಲು ಮಗಳು ಪೆನ್ಸಿಲ್‌ನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ‘ಹಳ್ಳ’ ಎಂದು ಬರೆದಿದ್ದಳು.

ಟಾರು ರಸ್ತೆ ಮುಗಿಯಿತು. ಫೋನಿನಲ್ಲಿ ದಾರಿ ಹೇಳುತ್ತಿದ್ದ ಆಯಮ್ಮನೂ ಸುಮ್ಮನಾದಳು.

“ಮುಂದ ಹಳ್ಳ ಐತ್ರಿ,” ಎಂದೆ ನಕ್ಷೆ ನೋಡುತ್ತ.

“ಎಲ್ಲಿ? ಎಡಕ್ಕೋ, ಬಲಕ್ಕೋ?”

“ಪೂರಾ ಅಡ್ಡ ಐತಿ.”

“ಗುಂಡಿ ಪೂರಾ ಅಡ್ಡ ಹೇಗೆ ಇರತ್ತೆ?”

“ಗುಂಡಿ ಅಂತ ಯಾರಂದ್ರು? ಹಳ್ಳ ಅಂದೆ!”

ಧಾರವಾಡದ ಕಡೆಯವಳಾದ ನನಗೆ ಹಳ್ಳವೆಂದರೆ ಹರಿಯುವ ನೀರು, ಅವರಿಗೆ ರಸ್ತೆಯ ಗುಂಡಿ. ಮದುವೆಯಾದಾಗಿನಿಂದ ಇದೇ ಜಗಳ. “ಮಗಳು ಕಲಿತಿದ್ದು ನನ್ನ ಕನ್ನಡ,” ಎಂದು ಅವರು ಗುಂಡಿ ಹುಡುಕುತ್ತಲೇ ಡ್ರೈವ್ ಮಾಡಿದರು.

ಗುಂಡಿ ಸಿಗಲಿಲ್ಲ. ಹಿಮ ಕರಗಿದ ನೀರು ದಾರಿಗೆ ಅಡ್ಡವಾಗಿ ಹರಿಯುತ್ತಿತ್ತು. ಆಚೆಗೆ ಮಗಳ ಮನೆ, ಮೇಯುವ ದನ, ಎಲ್ಲ ಕಾಣುತ್ತಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ಇವರು ರಿವರ್ಸ್ ಹಾಕಿದರು. ನನಗೆ ಅಳುವೇ ಬಂತು.

ಅಷ್ಟರಲ್ಲಿ ಆಚೆ ದಡದಿಂದ ಮಗಳು ಬೂಟಿನಲ್ಲೇ ನೀರಿಗೆ ಇಳಿದಳು. ನಟ್ಟನಡುವೆ ನಿಂತು ಕೈಬೀಸಿ ಕೂಗಿದಳು.

“ಅಪ್ಪಾ, ಅಂಜಬ್ಯಾಡ್ರಿ! ಹಳ್ಳದಾಗ ಬರೇ ಹಿಮ್ಮಡಿ ಮುಟ್ಟ ನೀರೈತಿ, ಬರ್ರಿ!”

ಎಳವೆಯಲ್ಲಿ ಅವಳನ್ನು ಬೈದದ್ದು, ಮುದ್ದು ಮಾಡಿದ್ದು ಎಲ್ಲ ನಾನು ಈ ಧಾರವಾಡದ ಮಾತಿನಲ್ಲೇ. ಅದನ್ನು ಅವಳ ಬಾಯಲ್ಲಿ ಕೇಳಿದ್ದು ಇದೇ ಮೊದಲು. ನಾನು ಹಿರಿಹಿರಿ ಹಿಗ್ಗಿದೆ.

ಇವರು ನನ್ನ ಮುಖ ನೋಡಿದರು, ಗೇರ್ ಬದಲಿಸಿದರು.

“ಆಯ್ತು ಕಣೇ. ಹಳ್ಳ ಅಂದ್ರೆ ನಿಮ್ಮ ಹಳ್ಳಾನೇ,” ಎಂದು ಕಾರನ್ನು ನೀರಿಗೆ ಇಳಿಸಿದರು.