ಮನೆಗೆ ಬಂದ ಒಂದು ಓಟು

ಕುವೈತಿಗೆ ಬಂದ ಮೇಲೆ ನಾನೂ ಹೆಂಡತಿಯೂ ಓಟು ಹಾಕಿದವರಲ್ಲ. ಊರಿನಲ್ಲಿ ಚುನಾವಣೆ ನಡೆಯುವಾಗ ನನಗೆ ಇಲ್ಲಿಯ ಅಹ್ಮದಿ ಊರಿನ ಕಂಪನಿಯಲ್ಲಿ ರಜೆ ಸಿಗುತ್ತಿರಲಿಲ್ಲ. ಇಲ್ಲಿ ನಮಗೆ ಓಟಿಲ್ಲ. ಹೀಗಿರುವಾಗ ಬ್ರಿಟನ್ನಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ಮಗಳು ಫೋನ್ ಮಾಡಿ, ಅಲ್ಲಿ ವಾಸವಾಗಿದ್ದರೆ ಇಂಡಿಯಾ ಪಾಸ್‌ಪೋರ್ಟಿನವರೂ ಓಟು ಹಾಕಬಹುದಂತೆ ಎಂದಳು. ನನ್ನ ಹೆಂಡತಿಗೆ ಮನೆಗೆ ಹಸು ಬಂದಷ್ಟು ಸಂತೋಷ. ಹಾಲು ಯಾರು ಕರೆಯಬೇಕೆಂಬ ಜಗಳವೂ ಅಂದೇ ಶುರುವಾಯಿತು.

ಮಗಳಿಗೆ ಗಿಡಮರ ಉಳಿಸುತ್ತೇವೆನ್ನುವ ಸಣ್ಣ ಪಕ್ಷ ಇಷ್ಟ. ಹೆಂಡತಿಗೆ ಆ ಕ್ಷೇತ್ರದ ಹಳೇ ಎಂಪಿಯನ್ನು ಸೋಲಿಸುವುದೊಂದೇ ಬೇಕು. ಆಸ್ಪತ್ರೆಗೆ ಹೋಗುವ ಬಸ್ಸು ನಿಂತುಹೋಗಿದೆ ಎಂದು ಮಗಳು ಆತನಿಗೆ ಬರೆದಿದ್ದಳು. ದೀಪಾವಳಿಯ ಶುಭಾಶಯ ಎಂದು ಉತ್ತರ ಬಂತು. ಆಗ ಮಾರ್ಚ್ ತಿಂಗಳು.

"ನಿನ್ನ ಮರದ ಪಾರ್ಟಿ ಗೆಲ್ಲಲ್ಲ ಕಣೇ," ಎಂದು ಹೆಂಡತಿ ಕುವೈತಿನ ಅಬು ಹಲೀಫಾದ ನಮ್ಮ ಅಡುಗೆಮನೆಯಿಂದ ಫೋನಿನಲ್ಲಿ ಕೂಗುತ್ತಿದ್ದಳು. "ಹೋದ್ಸಲ ಎರಡನೇದಾಗಿ ಬಂದೋನಿಗೆ ಹಾಕು. ಓಟು ಒಡೆದ್ರೆ ಆ ದೀಪಾವಳಿ ಮನುಷ್ಯನೇ ಮತ್ತೆ ಬರ್ತಾನೆ."

"ಬಟ್ ಅಮ್ಮಾ, ಐ ಡೋಂಟ್ ಲೈಕ್ ಹಿಮ್."

"ಇಷ್ಟಪಡು ಅಂತ ಯಾರಂದ್ರು? ಓಟು ಹಾಕು ಅಂದೆ."

"ಬೇಡದವನಿಗೆ ಓಟು ಹಾಕೋದು ಯಾವ ನ್ಯಾಯ?" ಎಂದು ನಾನು ಕೇಳಿದೆ.

"ನ್ಯಾಯ ಅಲ್ಲಾರೀ, ತಂತ್ರ. ನಮ್ಮಪ್ಪ ಮಾಡಿದ್ದೂ ಅದೇ. ನನ್ನನ್ನ ಸೋದರಮಾವನಿಗೆ ಕೊಡೋದು ತಪ್ಪಿಸೋಕೆ ಅಂತ, ಕೈಗೆ ಸಿಕ್ಕಿದ ನಿಮಗೆ ಕೊಟ್ರು."

ಆ ಕಡೆ ಮಗಳು ನಕ್ಕು ನಕ್ಕು ಕೆಮ್ಮಿದಳು. ನಾನು ಸಾರಿಗೆ ಉಪ್ಪು ಹಾಕಿದೆ. ಆಗಲೇ ಹಾಕಿಯಾಗಿತ್ತಂತೆ.

ಚುನಾವಣೆ ಘೋಷಣೆಯಾಗುವ ಹೊತ್ತಿಗೆ ಹೆಂಡತಿ ಇರಲಿಲ್ಲ. ಜ್ವರವೆಂದು ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ಮಗಳು ಬಂದು, ಕಾರ್ಯಗಳನ್ನೆಲ್ಲ ಮುಗಿಸಿಕೊಂಡು ಹೋದಳು. ಆಮೇಲೆ ನಮ್ಮಿಬ್ಬರ ಫೋನು "ಊಟ ಆಯ್ತಾ", "ಆಯ್ತು" ಎಂಬಲ್ಲಿಗೆ ಮುಗಿಯುತ್ತಿತ್ತು.

ಮತದಾನದ ದಿನ ಅವಳು ಸಾಲಿನಲ್ಲಿ ನಿಂತು ಫೋನ್ ಮಾಡಿದಳು. "ಅಪ್ಪಾ, ನನ್ನ ಮುಂದೆ ಒಬ್ಬರು ನಾಯಿ ಕರ್ಕೊಂಡು ಬಂದಿದಾರೆ. ಆಮೇಲೆ ನಾನೇ. ಯಾರಿಗೆ ಹಾಕ್ಲಿ? ಅಮ್ಮ ಹೇಳಿದವನಿಗಾ?"

ನಮ್ಮ ಮನೆಯಲ್ಲಿ ಇಂಥದ್ದನ್ನು ತೀರ್ಮಾನಿಸಿ ನನಗೆ ಅಭ್ಯಾಸವಿಲ್ಲ. "ನಾಯಿ ಯಾರಿಗೆ ಹಾಕುತ್ತಂತೆ?" ಎಂದೆ.

"ಅಪ್ಪಾ!" ಎಂದು ಫೋನಿಟ್ಟಳು.

ಮರುದಿನ ಶುಕ್ರವಾರ, ರಜೆ. ಬೆಳಗಿನ ಕಾಫಿಗೆ ಫಲಿತಾಂಶ ಬಂತು. ದೀಪಾವಳಿ ಮನುಷ್ಯನೇ ಗೆದ್ದಿದ್ದ. ಅವನಿಗೆ ಬಿದ್ದದ್ದಕ್ಕಿಂತ ಅವನು ಬೇಡವೆಂದು ಬಿದ್ದ ಓಟುಗಳೇ ಹೆಚ್ಚು. ಆದರೆ ಅವು ಉಳಿದವರಲ್ಲಿ ಹಂಚಿಹೋಗಿದ್ದವು.

"ಅಮ್ಮ ಹೇಳಿದ ಹಾಗೆ ಮಾಡ್ಲಿಲ್ಲಪ್ಪಾ," ಎಂದು ಮಗಳು ಫೋನಿನಲ್ಲಿ ಅತ್ತಳು. "ಮರಕ್ಕೇ ಹಾಕ್ಬಿಟ್ಟೆ. ಬೇರೆಯವನಿಗೆ ಹಾಕೋಕೆ ಕೈ ಬರ್ಲಿಲ್ಲ."

ಒಂದು ಓಟಿನಿಂದ ಏನಾಗುತ್ತಿತ್ತು ಎಂದು ಸಮಾಧಾನ ಹೇಳಲು ಬಾಯಿ ತೆರೆದೆ. "ಓಟು ಒಡೆದ್ಬಿಟ್ಯಲ್ಲೇ!" ಎಂಬ ಮಾತು ಹೊರಬಂತು. "ಅಷ್ಟು ಜನ ಬೇಡ ಅಂದ್ರೂ ಅವನೇ ಗೆಲ್ತಾನೆ ಅಂದ್ರೆ ಇದೆಂಥಾ ಚುನಾವಣೆ?"

ಮಗಳ ಅಳು ನಿಂತಿತು. ಮೂಗೊರೆಸಿಕೊಂಡ ಸದ್ದು ಕೇಳಿಸಿತು. "ಸೋ, ಇಷ್ಟ ಇಲ್ಲದವನಿಗೆ ಹಾಕಿದ್ರೆ ಫೇರಾ ಅಪ್ಪಾ?"

"ಫೇರ್ ಯಾರಿಗೆ ಬೇಕು? ಬಸ್ಸು ಬೇಕು."

"ತಪ್ಪು ನನ್ನದಲ್ಲ, ಅವರ ಸಿಸ್ಟಮ್‌ದು!"

"ಸಿಸ್ಟಮ್ ಗೊತ್ತಿದ್ದೂ ಮರ ಹತ್ತಿದೋಳು ನೀನು!"

ಅವಳೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಕಾಫಿ ಆರಿತು, ತಿಂಡಿ ತಪ್ಪಿತು. ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ ಅಷ್ಟು ಹೊತ್ತು ಮಾತು ಕೇಳಿಸಿದ್ದು ಅದೇ ಮೊದಲು.